ಚಿಕ್ಕಪ್ಪ ತೆಗೆಯದ ಒಂದು ನಿಯಮ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎನ್ನುವವರ ಮೇಲೆ ನನಗೆ ಕೋಪವಿಲ್ಲ. ಇಷ್ಟು ಕಡಿಮೆ ಹೇಳಿ ಬಿಟ್ಟರಲ್ಲ ಎಂಬ ಬೇಜಾರು, ಅಷ್ಟೆ! ಹಿಂದೂಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಲೆ ಸುಮ್ಮನೆ ಟೀವಿ ನೋಡಬಾರದೇ? ಕಲ್ಯಾಣದುರ್ಗದಲ್ಲಿ ನನ್ನ ಮಗಳ ನಾಮಕರಣಕ್ಕೆ ಲ್ಯಾಪ್‌ಟಾಪ್ ಹಿಡಿದು ಬಂದರು.

ಒಂದೇ ಬಚ್ಚಲು, ಒಂದೇ ಒಲೆ, ಮನೆ ತುಂಬ ನೆಂಟರು. ಹೆಸರಿಟ್ಟು, ಊಟ ಮುಗಿಸಿ, ಕಂಬದೂರಿನವರನ್ನು ಮಧ್ಯಾಹ್ನದ ಬಸ್ಸು ಹತ್ತಿಸಬೇಕು. ಇದಕ್ಕೆಂದೇ ಚಿಕ್ಕಪ್ಪ ಬರೆದ ಪ್ರೋಗ್ರಾಮಿಗೆ ಕೆಲಸ ಹೇಗೆ ಮಾಡಬೇಕೆಂದು ಕಲಿಸಬೇಕಾಗಿಲ್ಲವಂತೆ. ಏನು ಆಗಲೇಬೇಕು, ಏನು ಆಗಕೂಡದು ಎಂದು ನಿಯಮ ಬರೆದರೆ ವೇಳಾಪಟ್ಟಿಯನ್ನು ಅದೇ ಹುಡುಕುತ್ತದಂತೆ. ನಮ್ಮ ವಂಶಕ್ಕೆಂದೇ ಹುಟ್ಟಿದ ಕಂಪ್ಯೂಟರ್ ಭಾಷೆ! ಏನು ಆಗಕೂಡದೆಂದು ಹೇಳುವುದರಲ್ಲಿ ನಮ್ಮನ್ನು ಮೀರಿಸುವವರುಂಟೇ? ಒಬ್ಬೊಬ್ಬರ ಪರವಾಗಿ ಒಂದೊಂದು ಏಜೆಂಟು ಒಳಗೆ ಕೂತು, ಮಿಕ್ಕವುಗಳೊಂದಿಗೆ ರಾಜಿ ಮಾಡಿಕೊಳ್ಳುತ್ತದೆ ಎಂದರು.

ಕಾಫಿ ಕುಡಿಯದೆ ಸ್ನಾನ ಮಾಡುವುದಿಲ್ಲವೆಂದು ನನ್ನ ಮಾವ. ಸ್ನಾನ ಮಾಡದವರಿಗೆ ಕಾಫಿ ಕೊಡುವುದಿಲ್ಲವೆಂದು ನನ್ನ ಅಮ್ಮ. ಬೀಗರ ಏಜೆಂಟುಗಳು ಸುಮಾರು ಹೊತ್ತು ಗುದ್ದಾಡಿ, ಮುಖ ತೊಳೆದರೆ ಅರ್ಧ ಲೋಟ ಎಂದು ಒಪ್ಪಿಕೊಂಡವು. "ಅರ್ಧಮಾ?" ಎಂದು ಮಾವ ತೆಲುಗಿನಲ್ಲಿ ನರಳಿ, ಕುಡಿದರು.

ಆದರೂ ಪರದೆಯ ಮೇಲೆ ಪರಿಹಾರವಿಲ್ಲ ಎಂದೇ ಬರುತ್ತಿತ್ತು. ಹುಡುಕಿದರೆ ಅಡ್ಡ ನಿಂತಿದ್ದುದು ಚಿಕ್ಕಪ್ಪನದೇ ನಿಯಮ: ಚಿಕ್ಕಮ್ಮ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು! ಚಿಕ್ಕಮ್ಮನ ನಿಯಮವೋ, ಮೊದಲ ಪಂಕ್ತಿಗೆ ಹೋಳಿಗೆ ಹೆಂಚಿನಿಂದಲೇ ಬಿಸಿಯಾಗಿ ಬೀಳಬೇಕು. ನಮ್ಮಲ್ಲಿ ಹೋಳಿಗೆ ಬೇಯಿಸುವವರು ಅವರೊಬ್ಬರೇ. ಬಸ್ಸಿನ ಹೊತ್ತಾಗುತ್ತಿದೆ, ಅದೊಂದನ್ನು ತೆಗೆದುಬಿಡಿ ಎಂದು ಕೈಮುಗಿದೆ.

"ತೆಗೆಯಾಕಿಲ್ಲ ಕಣ್ಲಾ," ಎಂದರು ಚಿಕ್ಕಪ್ಪ. "ಮದ್ವೆಯಾದಾಗಿಂದ ನೋಡ್ತಾ ಇವ್ನಿ. ಎಲ್ಲಾರ್ಗೂ ಬಿಸೀದು ಬಡಿಸ್ತಾಳೆ. ಅವಳು ತಿನ್ನೋ ಹೊತ್ಗೆ ತಣ್ಗಾಗಿರ್ತದೆ."

ಮತ್ತೆ ಪರದೆಯ ಕಡೆ ತಿರುಗಿದರು. ಹೋಳಿಗೆ ಬೇಯಿಸುವವರ ಜಾಗದಲ್ಲಿ ತಮ್ಮ ಹೆಸರು ಹಾಕಿದರು. ಕೂಡಲೇ ವೇಳಾಪಟ್ಟಿ ಬಂದುಬಿಟ್ಟಿತು! ಲ್ಯಾಪ್‌ಟಾಪ್ ಮುಚ್ಚಿ, ಪಂಚೆ ಎತ್ತಿಕಟ್ಟಿ ಹೆಂಚಿನ ಮುಂದೆ ನಿಂತರು.

ಮೊದಲನೆಯದು ಹರಿಯಿತು. ಎರಡನೆಯದು ಕರಿಯಾಯಿತು. ಚಿಕ್ಕಪ್ಪನ ಕೈ ಎಷ್ಟು ನಿಧಾನವೆಂದು ಪ್ರೋಗ್ರಾಮಿಗೆ ಯಾರೂ ಹೇಳಿರಲಿಲ್ಲ. ಕಂಬದೂರಿನ ಬಸ್ಸು ಹೋಗಿಯೇಬಿಟ್ಟಿತು. ಪಂಕ್ತಿಯಿಂದ ಏಳಲು ಹೊರಟ ಚಿಕ್ಕಮ್ಮನನ್ನು ಅಮ್ಮ ಹೆಗಲು ಹಿಡಿದು ಕೂರಿಸಿದಳು. ಕೊನೆಗೆ ಚಿಕ್ಕಪ್ಪನೇ ಒಂದು ಹೋಳಿಗೆ ತಂದು ಎಲೆಗೆ ಹಾಕಿ, ತುಪ್ಪ ಬಿಟ್ಟು, ಎದುರಿಗೇ ನಿಂತರು.

ಚಿಕ್ಕಮ್ಮ ಮುರಿಯಲು ಹೋಗಿ ಬೆರಳು ಸುಟ್ಟುಕೊಂಡರು. ಊದಿ ಊದಿ ತಿಂದರು.

"ಸೀದೋಗೈತೆ," ಎಂದರು. ಚಿಕ್ಕಪ್ಪನ ಮುಖ ಸಣ್ಣದಾಯಿತು.

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಂದು ಹಾಕಿ. ಬಿಸೀದು."