ಕಾರ್ಡಿನಲ್ಲರ ಕಪಾಟಿನಲ್ಲಿ ಸಾಸೇಜು

ಇಡೀ ರೋಮ್ ನಗರದಲ್ಲಿ ಒಂದು ನರಪಿಳ್ಳೆಗೂ ಪತ್ತೆಯಾಗದಂಥ ಗುಪ್ತ ಖಾನೆ ಮಾಡಿಯೇ ತೀರುತ್ತೇನೆ ಎಂದು ಬಡಗಿ ಫುಲ್ಜೆನ್ಸಿಯೊ ಪಣ ತೊಟ್ಟಿದ್ದ. ಮಾಡಿಯೂ ಬಿಟ್ಟ! ಕರಿಮರದ ಭಾರೀ ಕಪಾಟು, ಆಮೆಚಿಪ್ಪಿನ ಹೊದಿಕೆ, ಬಣ್ಣದ ಕಲ್ಲಿನ ಹೂಬಳ್ಳಿ, ಹುರಿಗೊಂಡ ಹಗ್ಗದಂತೆ ತಿರುಚಿದ ಕಂಬಗಳು, ಕಂಬಕ್ಕೊಬ್ಬ ಚಿನ್ನದ ಲೇಪದ ಗುಂಡು ದೇವದೂತ. ಅವರಲ್ಲಿ ಒಬ್ಬನ ಹೊಟ್ಟೆ ಒತ್ತಿದರೆ ಮಾತ್ರ ಖಾನೆ ಹೊರಬರುತ್ತಿತ್ತು. ಯಾವನ ಹೊಟ್ಟೆ ಎಂಬುದು ಫುಲ್ಜೆನ್ಸಿಯೊಗೆ ಗೊತ್ತು, ಮೇಲಿರುವ ದೇವರಿಗೆ ಗೊತ್ತು. ದೇವರಿಗಾದರೂ ಗೊತ್ತಿದೆಯೇ ಎಂದು ಅವನಿಗೆ ಆಗಾಗ ಅನುಮಾನ.

ಮಾಡಿಸಿದವರು ಪೋಪರ ನಂತರದ ದೊಡ್ಡ ಧರ್ಮಗುರುಗಳಲ್ಲಿ ಒಬ್ಬರಾದ ಕಾರ್ಡಿನಲ್ ಸ್ಪಿನಾರ್ಡಿ. ದೊಡ್ಡ ಮನೆತನ, ಅದಕ್ಕಿಂತ ದೊಡ್ಡ ಕಪಾಟಿನ ಹುಚ್ಚು. ಅವರು ಮೆಚ್ಚಿದರೆ ಊರಿನ ಪ್ರಭುಗಳೆಲ್ಲ ಫುಲ್ಜೆನ್ಸಿಯೊನ ಬಾಗಿಲಿಗೆ ಬರುತ್ತಾರೆ. ಮೂಗು ಮುರಿದರೆ ಜೀವಮಾನವಿಡೀ ಮೂರು ಕಾಲಿನ ಮಣೆ ಕೆತ್ತಿಕೊಂಡಿರಬೇಕು.

ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಮಾಂಸ ಮುಟ್ಟುವಂತಿಲ್ಲ, ಮೀನಿಗೆ ಮಾತ್ರ ಅಡ್ಡಿಯಿಲ್ಲ. ಹೆಂಡತಿ ಓರ್ಸೊಲಾ ದಿನವೂ ಬಡಿಸುತ್ತಿದ್ದ ಉಪ್ಪುಮೀನು ತಿಂದು ತಿಂದು ಅವನ ನಾಲಿಗೆ ಕೆಟ್ಟುಹೋಗಿತ್ತು. ಕದ್ದುಮುಚ್ಚಿ ಹಂದಿಮಾಂಸದ ಒಣ ಸಾಸೇಜೊಂದನ್ನು ತಂದ. ಎಲ್ಲಿ ಅಡಗಿಸುವುದು? ಯಾರಿಗೂ ಸಿಗದ ಜಾಗ ಕಣ್ಣೆದುರೇ ಇತ್ತಲ್ಲ! ಅಂದಿನಿಂದ ಮೆರುಗೆಣ್ಣೆ ಹಚ್ಚುವ ನೆಪದಲ್ಲಿ ದಿನಕ್ಕೊಂದು ತುಂಡು ಗಂಟಲಿನಲ್ಲಿ ಇಳಿಯತೊಡಗಿತು.

ಈಸ್ಟರ್ ಕಳೆದ ಮೇಲೆ ಬರುತ್ತೇನೆಂದಿದ್ದ ಕಾರ್ಡಿನಲ್ಲರು ಒಂದು ಬೆಳಿಗ್ಗೆ ಏಕಾಏಕಿ ಬಂದಿಳಿದರು. ಜೊತೆಗೆ ಅವರ ಮುದ್ದಿನ ನಾಯಿ. ಕಪಾಟು ಕಂಡು ಕಾರ್ಡಿನಲ್ಲರ ಕಣ್ಣು ಅರಳಿತು, ನಾಯಿಯ ಮೂಗೂ ಅರಳಿತು. ಅದು ನೇರವಾಗಿ ಹೋಗಿ ಒಂದು ಕಂಬದ ಬುಡದಲ್ಲಿ ಕುಳಿತು ಕುಂಯ್‌ಗುಡತೊಡಗಿತು.

"ಗುಪ್ತ ಖಾನೆ ಅಲ್ಲೇ ಇರೋ ಹಾಗಿದೆ. ತೆಗಿಯಪ್ಪ, ನೋಡೋಣ" ಎಂದರು ಕಾರ್ಡಿನಲ್ಲರು.

ಫುಲ್ಜೆನ್ಸಿಯೊ ಕಪಾಟಿಗೆ ಅಡ್ಡ ನಿಂತ. ಮೆರುಗೆಣ್ಣೆ ಇನ್ನೂ ಹಸಿ ಎಂದ. ಮರ ಉಬ್ಬಿಕೊಂಡಿದೆ ಎಂದ. ಇಂಥ ಗುಟ್ಟನ್ನು ನಾಯಿಯ ಎದುರು ಬಿಚ್ಚಬಾರದು ಎಂದೂ ಹೇಳಿ ನೋಡಿದ. ತಪಸ್ಸುಕಾಲದಲ್ಲಿ, ಕಾರ್ಡಿನಲ್ಲರ ಸ್ವಂತ ಕಪಾಟಿನಲ್ಲಿ, ಅರ್ಧ ತಿಂದ ಸಾಸೇಜು! ಮೂರು ಕಾಲಿನ ಮಣೆಗಳು ಅವನ ಕಣ್ಣ ಮುಂದೆ ಸಾಲುಗಟ್ಟಿ ನಿಂತವು.

ಅಷ್ಟರಲ್ಲಿ ಓರ್ಸೊಲಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಸೀದಾ ಆ ದೇವದೂತನ ಹೊಟ್ಟೆಯನ್ನೇ ಒತ್ತಿದಳು. ಖಾನೆ ಟಕ್ಕನೆ ಹೊರಬಂತು. ಫುಲ್ಜೆನ್ಸಿಯೊ ಕಣ್ಣು ಮುಚ್ಚಿಕೊಂಡ.

"ಇದೇನು, ಉಪ್ಪುಮೀನು?"

"ಹೌದು ಪ್ರಭುಗಳೇ" ಎಂದಳು ಓರ್ಸೊಲಾ. "ನಿಮ್ಮ ಕೆಲಸ ಹಿಡಿದ ಮೇಲೆ ಇವರು ಊಟಕ್ಕೂ ಏಳಲ್ಲ. ಇದೊಂದು ತುಂಡು ಇಲ್ಲೇ ಇಟ್ಕೊಂಡು ಉಪವಾಸ ಮಾಡ್ತಾರೆ."

ಕಾರ್ಡಿನಲ್ಲರ ಕಣ್ಣು ತೇವವಾಯಿತು. ಇಂಥ ಭಕ್ತನ ಕೈಯಿಂದ ಇನ್ನೂ ಒಂದು ಜೋಡಿ ಕಪಾಟು ಬೇಕೆಂದು ಅಲ್ಲೇ ಅಪ್ಪಣೆಯಾಯಿತು. ಮೀನು ನಾಯಿಯ ಪಾಲಾಯಿತು. ಕಪಾಟು ಆಳುಗಳ ಹೆಗಲೇರಿ ಮೆರವಣಿಗೆಯಲ್ಲಿ ಹೊರಟಾಗ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಫುಲ್ಜೆನ್ಸಿಯೊ ಎದೆಯುಬ್ಬಿಸಿಕೊಂಡು ಜನರಿಗೆಲ್ಲ ಕೈಬೀಸಿದ.

ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಕೇಳಿದ: "ನಿನಗೆ ಹೇಗೆ ಗೊತ್ತಾಯ್ತೇ?"

"ದಿನಾ ಧೂಳು ಒರೆಸೋಳು ನಾನು. ಅಷ್ಟೊಂದು ದೇವದೂತರಲ್ಲಿ ಒಬ್ಬನ ಹೊಟ್ಟೆ ಮಾತ್ರ ಜಿಡ್ಡಾಗಿದ್ರೆ ಗೊತ್ತಾಗಲ್ವಾ? ನೀವು ಕೈ ಹಾಕಿ ಬೆಚ್ಚಿಬೀಳಲಿ ಅಂತ ನಿನ್ನೆ ಮೀನು ಇಟ್ಟೆ."

"ಮತ್ತೆ ನನ್ನ ಸಾಸೇಜು?"

"ಮನೇಲೇ ಇದೆ. ಅಡಗಿಸೋದರಲ್ಲಿ ಪಂಡಿತರು ನೀವು, ಹುಡುಕ್ಕೊಳ್ಳಿ."

ಪಂಡಿತರು ಹುಡುಕಿದರು. ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರು, ಹಾಸಿಗೆ ಬಿಚ್ಚಿದರು, ನೆಲದ ಹಲಗೆ ಎಬ್ಬಿಸಿದರು, ಹೊಗೆಗೂಡಿಗೆ ತಲೆ ತೂರಿಸಿ ಮಸಿ ಬಳಿದುಕೊಂಡು ಬಂದರು. ಸಿಗಲಿಲ್ಲ. ಈಸ್ಟರ್ ಮಧ್ಯಾಹ್ನ ಓರ್ಸೊಲಾ ಅದನ್ನು ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿಟ್ಟಳು.

"ಎಲ್ಲಿತ್ತೇ ಇದು?"

"ಪೊರಕೆ ಹಿಂದೆ, ಮೊಳೆಗೆ ನೇತುಹಾಕಿದ್ದೆ. ಮದುವೆಯಾದಾಗಿನಿಂದ ಈ ಮನೇಲಿ ನೀವು ಕೈ ಹಾಕದ ಜಾಗ ಅದೊಂದೇ ಅಲ್ವೇನ್ರಿ?"