ಕಡ್ಡಾಯ ವಿಶ್ರಾಂತಿಯ ನಿಯಮಗಳಿಗೆ ತಿದ್ದುಪಡಿ

ಸಂಖ್ಯೆ: ಮ.ಆ.ಕ್ಷೇ/ಉಸ್ಸಪ್ಪಾ/30 ನಿಮಿಷ

ವಿಷಯ: ಮನೆಯಲ್ಲೇ ಸಂಬಳವಿಲ್ಲದೆ ಹಿರಿಯರ, ರೋಗಿಗಳ ಆರೈಕೆ ಮಾಡುವವರ ಕ್ಷೇಮದ ಬಗ್ಗೆ.

ಉಲ್ಲೇಖ: 1. ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
2. ಪರಿಶೀಲನಾಧಿಕಾರಿಯವರ ವರದಿ (ಎಡಗೈಯಲ್ಲಿ ಬರೆದದ್ದು).

ಆರೈಕೆದಾರರು ದಿನಕ್ಕೆ ಮೂವತ್ತು ನಿಮಿಷ ಕಡ್ಡಾಯವಾಗಿ ವಿಶ್ರಮಿಸತಕ್ಕದ್ದೆಂದೂ, ವಿಶ್ರಮಿಸಿದ್ದಕ್ಕೆ ನಮೂನೆ-7ನ್ನು ಮೂರು ಪ್ರತಿಗಳಲ್ಲಿ ತುಂಬತಕ್ಕದ್ದೆಂದೂ ಆದೇಶಿಸಲಾಗಿತ್ತು. ನಮೂನೆ ತುಂಬಲು ನಲವತ್ತು ನಿಮಿಷ ಹಿಡಿಯುತ್ತದೆಂಬ ದೂರು ಬಂದಿದ್ದರಿಂದ, ಪಾರ್ಶ್ವವಾಯು ಬಡಿದ ತಾಯಿಯನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿರುವ ದರ್ಜಿ ಮಹಿಳೆಯೊಬ್ಬರ ಮನೆಗೆ ಅಧಿಕಾರಿಯೊಬ್ಬರನ್ನು ಕಳುಹಿಸಲಾಯಿತು.

ಅಧಿಕಾರಿಯವರು, "ವಿಶ್ರಾಂತಿ ತಗೋತಿದೀರೇನಮ್ಮಾ?" ಎಂದು ವಿಚಾರಿಸಲಾಗಿ, ಸದರಿಯವರು "ಈಗ ತಗೋತೀನಿ ಸಾರ್, ಅಮ್ಮನ್ನ ಒಂಚೂರು ನೋಡ್ತಿರಿ" ಎಂದು ಹಾಲಿನ ಲೋಟ, ಚಮಚ ಅವರ ಕೈಗಿತ್ತು, ಹೊಲಿಗೆ ಯಂತ್ರದ ಬದಿಯಲ್ಲೇ ನೆಲಕ್ಕೊರಗಿ ನಾಲ್ಕು ಗಂಟೆ ಗೊರಕೆ ಹೊಡೆದಿರುತ್ತಾರೆ. ಅಷ್ಟೂ ಹೊತ್ತು ತಾಯಿಯವರು ಅಧಿಕಾರಿಯವರನ್ನು ತಮ್ಮ ಮಗನೆಂದೇ ತಿಳಿದು, ಬಲಗೈ ಬಿಡದೆ, "ಯಾಕೋ ಇಷ್ಟು ಸೊರಗಿದೀಯಾ? ನಿನ್ನ ಯಾರು ನೋಡ್ಕೋತಾರೋ?" ಎಂದು ಏಳು ಬಾರಿ ಕೇಳಿರುವುದು ವರದಿಯಲ್ಲಿದೆ.

ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ನಮೂನೆ-7 ರದ್ದು. ರದ್ದಾದುದನ್ನು ಖಚಿತಪಡಿಸಲು ನಮೂನೆ-8 ತುಂಬತಕ್ಕದ್ದಲ್ಲ.

2. ಬಾಗಿಲಲ್ಲೇ ನಿಂತು "ನೀನೂ ಸ್ವಲ್ಪ ಆರೋಗ್ಯ ನೋಡ್ಕೋ" ಎನ್ನುವ ನೆಂಟರು, ಒಳಬಂದು ಕನಿಷ್ಠ ಒಂದು ಹಾಸಿಗೆಯ ಹೊದಿಕೆ ಬದಲಾಯಿಸತಕ್ಕದ್ದು. ಸಲಹೆಯನ್ನಷ್ಟೇ ಕೊಡಬಯಸುವವರು ಅದನ್ನು ಬರೆದು, ತಾವೇ ಒಗೆದು ಒಣಗಿಸಿದ ಬಟ್ಟೆಯ ಮಡಿಕೆಯಲ್ಲಿಟ್ಟು ಸಲ್ಲಿಸತಕ್ಕದ್ದು.

3. ದೂರದಲ್ಲಿರುವ ಅಣ್ಣಂದಿರು ಫೋನಿನಲ್ಲಿ "ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡ್ತಿದೀಯಾ?" ಎಂದು ಕೇಳುವ ಮುನ್ನ, ಸದರಿ ಮಾತ್ರೆಗಳ ಬಣ್ಣವನ್ನು ತಪ್ಪಿಲ್ಲದೆ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಒಂದು ವಾರ ಮನೆಗೆ ಬಂದು ಇದ್ದು ಕಲಿಯತಕ್ಕದ್ದು.

4. ಮಲಗಿರುವ ಆರೈಕೆದಾರರನ್ನು "ನಿದ್ದೆ ಬಂತಾ?" ಎಂದು ಕೇಳಲು ಎಬ್ಬಿಸುವುದನ್ನು ನಿಷೇಧಿಸಲಾಗಿದೆ.

5. ಇನ್ನು ಮುಂದೆ ಪರಿಶೀಲನೆಯನ್ನು ಪ್ರತಿ ಗುರುವಾರ ನಾಲ್ಕು ಗಂಟೆ ಕಾಲ, ಹಾಸಿಗೆಯ ಪಕ್ಕದಲ್ಲಿ ಕುಳಿತೇ ನಡೆಸತಕ್ಕದ್ದು. ಇದಕ್ಕೆ ಸದರಿ ಅಧಿಕಾರಿಯವರು ತಾವಾಗಿಯೇ ಮುಂದೆ ಬಂದಿರುತ್ತಾರೆ. ಕಾರಣ ಕೇಳಲಾಗಿ, ಕನ್ನಡಕ ಒರೆಸಿಕೊಂಡಿರುತ್ತಾರೆ.

(ಸಹಿ)
ನಿರ್ದೇಶಕರು (ಪ್ರಭಾರ)
ಮನೆ ಆರೈಕೆ ಕ್ಷೇಮ ಇಲಾಖೆ

ಪ್ರತಿಗಳು:

1. ಎಲ್ಲ ಅಣ್ಣಂದಿರಿಗೆ, ತುರ್ತು ಕ್ರಮಕ್ಕಾಗಿ.

2. ನೆಂಟರಿಗೆ, ಚಪ್ಪಲಿ ಬಿಟ್ಟು ಒಳಬಂದು ಓದಿಕೊಳ್ಳಲು.

3. ಪರಿಶೀಲನಾಧಿಕಾರಿಯವರ ಪತ್ನಿಗೆ: ಹಾಸಿಗೆ ಹಿಡಿದಿರುವ ತಮ್ಮ ಮಾವನವರನ್ನು (ಅಧಿಕಾರಿಯವರ ತಂದೆ) ಈ ಭಾನುವಾರ ಅಧಿಕಾರಿಯವರೇ ನೋಡಿಕೊಳ್ಳುವುದಾಗಿ ತಿಳಿಸಿರುತ್ತಾರೆ. ತಾವು ತವರಿಗೆ ಹೋಗಿ ಬರಬಹುದು. ಬೇಗ ಬರಬೇಕಾಗಿಲ್ಲ.