ಉಂಡವರು ಇಟ್ಟ ಕಲ್ಲು

ಜಗಳಕ್ಕೆಂದು ಹೋದ ಕಡೆಯೆಲ್ಲ ನನಗೆ ಜಗಳವೇ ಸಿಕ್ಕಿದೆ, ಒಂದು ಗುಡ್ಡ ಬಿಟ್ಟು. ಅಲ್ಲಿಗೆ ಹೋದಾಗಲೆಲ್ಲ ಜಗಳದ ಬದಲು ಬೇರೇನಾದರೂ ಆಗುತ್ತಿತ್ತು.

ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಎರಡು ತಾಸು ಹತ್ತಬೇಕು. ಮೇಲೆ ಕುರಿ ಸಾಕುವ ಒಂದು ಮನೆತನದ ಹಟ್ಟಿ. ಮೂರು ತಲೆಮಾರಿನಿಂದ ಬಂದವರಿಗೆ ಅಲ್ಲಿ ಊಟ, ಮಲಗಲು ಕಂಬಳಿ. ದುಡ್ಡು ಮುಟ್ಟುವುದಿಲ್ಲ. ಉಂಡವರು ಹೋಗುವಾಗ ಒಂದು ಕಲ್ಲು ತಂದು ಹಟ್ಟಿಯ ಗೋಡೆಗೆ ಇಡಬೇಕು, ಅಷ್ಟೇ. ಹಾಗೆ ಎದ್ದ ಗೋಡೆ ನನ್ನ ತಲೆಗಿಂತ ಎತ್ತರ. ಗಾರೆಯಿಲ್ಲ, ಗೌಂಡಿಯಿಲ್ಲ. ಮೊದಲ ಸಲ ನೋಡಿದಾಗ ಬಾಯಿ ತೆರೆದು ನಿಂತಿದ್ದೆ.

೧. ಸಿಟ್ಟು

ಎಪ್ಪತ್ತರ ದಶಕ. ಹೋಟೆಲಿನವರು ನಮ್ಮ ಕೇರಿಯವರಿಗೆ ಚಹಾದ ಲೋಟ ಬೇರೆ ಇಡುತ್ತಿದ್ದ ಕಾಲ. ಇಲ್ಲೂ ಹಾಗೇ ಇರುತ್ತದೆಂದು ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಕೊಂಡು ಹೋದೆ. ಹಟ್ಟಿಯ ಅಜ್ಜಿ ತನ್ನ ಮೊಮ್ಮಕ್ಕಳ ಸಾಲಿನಲ್ಲೇ ಕೂರಿಸಿ, ಗಂಗಾಳಕ್ಕೆ ನವಣಕ್ಕಿ ಅನ್ನ ನೀಡಿದಳು.

"ನಾನ್ಯಾರಂತ ಕೇಳಲೇ ಇಲ್ಲಲ್ಲ ಯವ್ವಾ?" ಎಂದು ಗದರಿದೆ.

"ಹಸದೋನು. ಮಾರಿ ಮ್ಯಾಲೆ ಬರದೈತಿ. ಉಣ್ಣು, ಆಮ್ಯಾಲೆ ಒದರುವಂತಿ."

ಉಂಡೆ. ಭಾಷಣದ ಬದಲು ತೇಗು ಬಂತು.

೨. ರೂಮು

ಇನ್ನೊಂದು ಸಲ ನಾನು ಹಟ್ಟಿಯಲ್ಲಿದ್ದಾಗ ಹರಪನಹಳ್ಳಿ ಕಡೆಯ ಮೇಷ್ಟ್ರೊಬ್ಬರು ಬಂದು "ರೂಮು ಐತೇನಮ್ಮ?" ಎಂದರು. ಅಜ್ಜಿಗೆ ಕಿವಿ ಮಂದ. ಕುರಿಮರಿ ಕೂಡಿಹಾಕುವ 'ರೊಪ್ಪ' ಎಂದು ಕೇಳಿಸಿತು.

"ಐತಲ್ರಿ! ಇಂಥ ರೊಪ್ಪ ಈ ಸೀಮ್ಯಾಗ ಇಲ್ಲ" ಎಂದು ಅದರೊಳಗೇ ಕಂಬಳಿ ಹಾಸಿಕೊಟ್ಟಳು.

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಮಧ್ಯಾಹ್ನವೆಲ್ಲ ಮಲಗಿದರು. ಎದ್ದು ಬಂದಾಗ "ಹೆಂಗಿತ್ರಿ?" ಎಂದೆ.

"ಗಾಳಿ ಬಾಳ ಚಲೋ. ಆದ್ರೆ ಮಂದಿ ಜಾಸ್ತಿ. ಒಬ್ರಂತೂ ನನ್ ಟೋಪಿನೇ ತಿಂದ್ರು!"

೩. ಕಲ್ಲು

ಎಂಬತ್ತರ ದಶಕದಲ್ಲಿ ಸಾಹೇಬರೊಬ್ಬರು ನೋಟೀಸು ಹಿಡಿದು ಬಂದರು. ಸರ್ಕಾರಿ ಗುಡ್ಡವಂತೆ, ಗೋಡೆ ಕೆಡವಬೇಕಂತೆ. ಗೋಡೆ ಬಿದ್ದರೆ ತೋಳ ಕುರಿ ಉಳಿಸುವುದಿಲ್ಲ. ಕುರಿ ಹೋದರೆ ಹಟ್ಟಿಯೂ ಇಲ್ಲ, ಊಟವೂ ಇಲ್ಲ. ನಾನು ಜಗಳಕ್ಕೆ ಎದ್ದೆ.

"ಸುಮ್ಕಿರಲೇ! ಮದ್ಲು ಉಣ್ಲಿ" ಎಂದಳು ಅಜ್ಜಿ.

ಸಾಹೇಬರು ರೊಟ್ಟಿ ಉಂಡರು. ಆಗತಾನೆ ಈದ ಕುರಿಯ ಹಾಲಿನ ಗಿಣ್ಣು ತಿಂದರು. ಮತ್ತೊಮ್ಮೆ ಹಾಕಿಸಿಕೊಂಡು ತಿಂದರು. ಕೈ ತೊಳೆದು ಪೆನ್ನು ತೆಗೆದರು.

"ಈ ಗೋಡೆ ಕಟ್ಟಿದ್ದು ಯಾರು? ಎಲ್ಲರ ಮೇಲೂ ಕೇಸು ಹಾಕ್ತೀನಿ."

"ಉಂಡೋರು ಕಟ್ಯಾರ್ರಿ. ಬರಕಳ್ರಿ."

ಅಜ್ಜಿ ಒಂದೊಂದೇ ಕಲ್ಲು ಮುಟ್ಟಿ ಹೇಳತೊಡಗಿದಳು. "ಇದು ಮಾಗಳದ ಅಂಬಿಗಂದು. ಇದು ಕೊಟ್ಟೂರಿನ ಬಳಿಗಾರಂದು. ಇದು ಬಸುರಿ ಹೆಣ್ಮಗಳದು, ಸಣ್ಣದಿಡು ಅಂದಿದ್ದೆ." ಅಕ್ಷರ ಬಾರದವಳು, ಒಂದು ಕಲ್ಲಿಗೂ ತಡವರಿಸಲಿಲ್ಲ. ಆರು ಹಾಳೆ ತುಂಬಿದರೂ ಗೋಡೆಯ ಒಂದು ಮೂಲೆ ದಾಟಿರಲಿಲ್ಲ.

ಕೈ ಸೋತು ಸಾಹೇಬರು ಹೊರಟರು. ಅಜ್ಜಿ ಅಡ್ಡ ನಿಂತಳು. "ಕಲ್ಲು, ಸಾಹೇಬ್ರ. ಉಂಡು ಹಂಗ ಹೋಗಬಾರ್ದು."

ಹೊಟ್ಟೆಯಲ್ಲಿ ಗಿಣ್ಣು, ಮುಖದಲ್ಲಿ ನಾಚಿಕೆ. ಸಾಹೇಬರು ಬಗ್ಗಿ ಒಂದು ಕಲ್ಲೆತ್ತಿ ಗೋಡೆಗಿಟ್ಟರು.

"ಬರಕಳ್ರಿ. ಇದು ನಿಮ್ದು."

ಪೆನ್ನು ಜೇಬಿಗೆ ಹೋಯಿತು. ನೋಟೀಸು ಮತ್ತೆ ಬರಲಿಲ್ಲ, ಸಾಹೇಬರು ಬಂದರು. ಕಚೇರಿಯ ಮುಂದೆ ಕಲ್ಲು ಹಿಡಿದು ನಿಂತ ಜನರನ್ನು ಬೇಕಾದಷ್ಟು ಕಂಡಿದ್ದೇನೆ. ಗಿಣ್ಣಿನ ಆಸೆಗೆ ಕೆಳಗಿನಿಂದಲೇ ಕಲ್ಲು ಹೊತ್ತು ಗುಡ್ಡ ಹತ್ತಿದ ಸಾಹೇಬರನ್ನು ಕಂಡದ್ದು ಅದೊಂದೇ ಸಲ.